ನೊಂದವರ ನಡುವೆ ನೆಲೆನಿಂತ ದೊಡ್ಡಸ್ವಾಮಿ: ಅಬ್ಬೆ ದುಬಾಯ್ ಬದುಕಿನ ಹಾದಿ

ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇಗುಲದ ಸುತ್ತ ಒಂದೆರಡು ಗಂಟೆ ಕಳೆದು ಬೇಲೂರಿನತ್ತ ವಾಹನ ತಿರುಗಿಸುತ್ತಾರೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿರುವ ಬಸ್ತಿಹಳ್ಳಿಗೆ ಕಾಲಿಡುವವರು ಕಡಿಮೆ. ಅಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥರ ಮೂರು ಬಸದಿಗಳು ಒಂದೇ ಆವರಣದಲ್ಲಿ ಶಾಂತವಾಗಿ ನಿಂತಿವೆ. ಪಾರ್ಶ್ವನಾಥ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ನೋಡಿ ಬೆರಗಾಗುವವರಿಗೆ ಅದರ ಹುಟ್ಟಿನ ಕಥೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ, ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ಬಸದಿ ಅದು. ಅದರ ಪ್ರತಿಷ್ಠೆಯ ಪ್ರಸಾದವು ಬಂಕಾಪುರದಲ್ಲಿದ್ದ ಅರಸನನ್ನು ತಲುಪಿದ ವೇಳೆಗೆ ಯುದ್ಧದಲ್ಲಿ ಗೆಲುವಾಗಿತ್ತು, ಅರಮನೆಯಲ್ಲಿ ಗಂಡುಮಗು ಹುಟ್ಟಿತ್ತು. ಆದ್ದರಿಂದಲೇ ಆ ದೇವರು ವಿಜಯಪಾರ್ಶ್ವನಾಥನಾದ. ಮಗನೊಬ್ಬನ ದುಃಖದಿಂದ ಮೊದಲಾದ ಕಟ್ಟಡವು ಒಂದು ರಾಜ್ಯದ ಸಂತೋಷವಾಗಿ ಮುಗಿಯಿತು.

ನೋವಿನ ಕಾಲದಲ್ಲಿ ಮನುಷ್ಯನು ನಂಬಿಕೆಯನ್ನು ಆಸರೆಯಾಗಿ ಹಿಡಿಯುವುದು ಹಾಸನ ಸೀಮೆಗೆ ಹೊಸದಲ್ಲ. ಬೊಪ್ಪನ ಕಾಲದಿಂದ ಸುಮಾರು ಏಳು ಶತಮಾನಗಳ ನಂತರ ಇದೇ ಸೀಮೆಯಲ್ಲಿ ಇನ್ನೊಂದು ಧರ್ಮದ ಜನ ತಮ್ಮ ನೋವಿಗೆ ಆಸರೆ ಹುಡುಕುತ್ತಿದ್ದರು. ಅವರಲ್ಲಿ ಶಿಲ್ಪಿಗಳಿಗೆ ಕೊಡಲು ಹೊನ್ನು ಇರಲಿಲ್ಲ, ಉಳಲು ಸ್ವಂತ ನೆಲವೂ ಇರಲಿಲ್ಲ. ಅವರಿಗಾಗಿ ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೀಳು ಭೂಮಿಯನ್ನು ಬೇಸಾಯಕ್ಕೆ ತಂದು, ಊರು ಕಟ್ಟಿ, ಪ್ರಾರ್ಥನೆಗೊಂದು ನೆಲೆ ಮಾಡಿಕೊಟ್ಟವರು ಫ್ರಾನ್ಸಿನಿಂದ ಬಂದ ಪಾದ್ರಿಯೊಬ್ಬರು. ಜಗತ್ತು ಅವರನ್ನು ಭಾರತದ ಆಚಾರ ವಿಚಾರಗಳ ಬಗೆಗಿನ ದೊಡ್ಡ ಗ್ರಂಥವೊಂದರ ಕರ್ತೃ ಅಬ್ಬೆ ದುಬಾಯ್ ಎಂದು ಬಲ್ಲದು. ಮೈಸೂರು ಸೀಮೆಯ ಜನ ಮಾತ್ರ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಈ ಎರಡು ಹೆಸರುಗಳ ನಡುವಿನ ಅಂತರದಲ್ಲೇ ಅವರ ಬದುಕಿನ ಸ್ವಾರಸ್ಯವಿದೆ. ಗ್ರಂಥಕರ್ತನ ಕೀರ್ತಿಗೆ ಕಾಲಾನಂತರದಲ್ಲಿ ಕಲೆ ಅಂಟಿಕೊಂಡಿತು. ದೊಡ್ಡಸ್ವಾಮಿಯ ಕೆಲಸ ಹೆಚ್ಚು ಸದ್ದಿಲ್ಲದೆ ಉಳಿದುಕೊಂಡಿತು.

ಕ್ರಾಂತಿಯ ನಾಡಿನಿಂದ

ಜಾನ್ ಆಂತ್ವಾನ್ ದುಬಾಯ್ ಹುಟ್ಟಿದ್ದು 1760ರ ದಶಕದ ನಡುವಿನಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. ಅಬ್ಬೆ ಎನ್ನುವುದು ಅವರ ಹೆಸರಿನ ಭಾಗವಲ್ಲ. ಫ್ರೆಂಚರು ಪಾದ್ರಿಗಳನ್ನು ಗೌರವದಿಂದ ಸಂಬೋಧಿಸುವ ಪದ. 1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಫ್ರಾನ್ಸಿನಲ್ಲಿ ಪಾದ್ರಿಯಾಗುವುದಕ್ಕೆ ಅದಕ್ಕಿಂತ ಕೆಟ್ಟ ವರ್ಷ ಇನ್ನೊಂದಿರಲಿಲ್ಲ. ಕ್ರಾಂತಿ ಆರಂಭವಾಗಿ ಮೂರು ವರ್ಷಗಳಾಗಿದ್ದವು. ಹೊಸ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಪಾದ್ರಿಗಳನ್ನು ಸೆರೆಗೆ ತಳ್ಳಲಾಗುತ್ತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳ ಹತ್ಯೆಯಾಯಿತು.

ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಸದಸ್ಯರಾಗಿ ಅವರು ಭಾರತದ ಹಡಗು ಹತ್ತಿದರು. ತಾಯ್ನಾಡಿನಲ್ಲಿ ತನ್ನಂಥವರಿಗೆ ಕಾದಿದ್ದ ಗತಿಯಿಂದ ತಾನು ಪಾರಾಗಿ ಬಂದವನೆಂಬ ಅರಿವು ಅವರಿಗೆ ಕೊನೆಯವರೆಗೂ ಇತ್ತು. ಇಪ್ಪತ್ತೇಳರ ಆಸುಪಾಸಿನ ಆ ತರುಣ ತನ್ನ ಧರ್ಮಕ್ಕಾಗಿ ಹಿಂಸೆ ಅನುಭವಿಸಿದವರ ಸಂಕಟವನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವಿರಲಿಲ್ಲ. ಮುಂದೆ ಶ್ರೀರಂಗಪಟ್ಟಣದಲ್ಲಿ ಅವರು ಮಾಡಿದ ಕೆಲಸವನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ಮುಖ್ಯವಾದುದು.

ಪಾಂಡಿಚೇರಿಗೆ ಬಂದಿಳಿದ ದುಬಾಯ್ ಅವರು ಮೊದಲ ವರ್ಷಗಳನ್ನು ತಮಿಳು ಸೀಮೆಯ ಹಳ್ಳಿಗಳಲ್ಲಿ ಕಳೆದರು. ಅಲ್ಲಿಯೇ ಅವರು ತಮ್ಮ ಜೀವನಕ್ರಮವನ್ನು ಬದಲಿಸಿಕೊಂಡರು. ಐರೋಪ್ಯ ಉಡುಪನ್ನು ಬಿಟ್ಟು ಬಿಳಿಯ ನಿಲುವಂಗಿ ಮತ್ತು ಪೇಟ ಧರಿಸಿದರು. ಊಟ ಉಪಚಾರಗಳಲ್ಲಿ ಜನರ ಪದ್ಧತಿಯನ್ನೇ ಅನುಸರಿಸಿದರು. ನೆಲದ ಮೇಲೆ ಕುಳಿತು ಊರ ಹಿರಿಯರೊಡನೆ ಅವರದೇ ಭಾಷೆಯಲ್ಲಿ ಮಾತನಾಡುವ ಬಿಳಿಯ ಪಾದ್ರಿಯನ್ನು ಜನ ಮೊದಲು ಕುತೂಹಲದಿಂದಲೂ ಅನಂತರ ಸಲಿಗೆಯಿಂದಲೂ ಕಂಡರು. ಥಾಮಸ್ ಹಿಕಿ ಎಂಬ ಕಲಾವಿದ 1820ರಲ್ಲಿ ಬಿಡಿಸಿದ ಭಾವಚಿತ್ರದಲ್ಲಿ ದುಬಾಯ್ ಅವರು ಇದೇ ವೇಷದಲ್ಲಿ ಕಾಣಿಸಿಕೊಳ್ಳುತ್ತಾರೆ.

ಶ್ರೀರಂಗಪಟ್ಟಣದ ಗಾಯ

ಮೈಸೂರು ಸೀಮೆಗೆ ಕ್ರೈಸ್ತ ಧರ್ಮ ದುಬಾಯ್ ಅವರೊಂದಿಗೆ ಬಂದದ್ದೇನೂ ಅಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲೇ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಅವರು ಶ್ರೀರಂಗಪಟ್ಟಣದಲ್ಲಿ ಮಿಷನ್ ಆರಂಭಿಸಿದ್ದರು. ಕನ್ನಡವನ್ನು ಕಲಿತು, ಕನ್ನಡದಲ್ಲೇ ಬೋಧಿಸಿದ ಪರಂಪರೆ ಅದು. ಆದರೆ 1773ರಲ್ಲಿ ಪೋಪರ ಆದೇಶದಂತೆ ಜೆಸ್ಯೂಟ್ ಸಂಘವೇ ರದ್ದಾಯಿತು. ವಯಸ್ಸಾದ ಪಾದ್ರಿಗಳು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಜಾಗಕ್ಕೆ ಬರುವವರು ಇರಲಿಲ್ಲ. ಕುರುಬನಿಲ್ಲದ ಮಂದೆಯಂತೆ ಚದುರಿದ್ದ ಆ ಸಮುದಾಯದ ಮೇಲೆ ರಾಜಕೀಯದ ಹೊಡೆತವೂ ಬಿತ್ತು.

ಬ್ರಿಟಿಷರೊಂದಿಗೆ ಸತತ ಯುದ್ಧದಲ್ಲಿದ್ದ ಟಿಪ್ಪು ಸುಲ್ತಾನನ ಆಡಳಿತವು ಕರಾವಳಿಯ ಕ್ರೈಸ್ತರನ್ನು ಶತ್ರುವಿಗೆ ನೆರವಾದವರೆಂದು ಶಂಕಿಸಿತು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಬಂಧಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಟಿಪ್ಪುವಿನ ಉದ್ದೇಶದ ಬಗೆಗೂ ಚರ್ಚೆ ಮುಗಿದಿಲ್ಲ. ಆದರೆ ದಾರಿಯಲ್ಲಿ ಮತ್ತು ಸೆರೆಯಲ್ಲಿ ಅನೇಕರು ಸತ್ತರೆಂಬುದು, ಬದುಕಿ ಉಳಿದವರಲ್ಲಿ ಅನೇಕರು ಬಲವಂತದಿಂದ ಮತ ಬದಲಿಸಬೇಕಾಯಿತೆಂಬುದು ಕೆನರಾದ ಮನೆಮನೆಗಳ ನೆನಪಿನಲ್ಲಿ ಇಂದಿಗೂ ಇದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಐದು ವರ್ಷದ ಕೃಷ್ಣರಾಜ ಒಡೆಯರ್ ಸಿಂಹಾಸನವೇರಿದರು, ಪೂರ್ಣಯ್ಯನವರು ದಿವಾನರಾಗಿ ರಾಜ್ಯದ ಹೊಣೆ ಹೊತ್ತರು. ಸೆರೆಯ ಬಾಗಿಲು ತೆರೆಯಿತಾದರೂ ಒಳಗಿದ್ದವರಿಗೆ ಹೋಗಲು ಜಾಗವಿರಲಿಲ್ಲ. ಕರಾವಳಿಯಲ್ಲಿದ್ದ ಅವರ ಜಮೀನು ಪರರ ಪಾಲಾಗಿತ್ತು. ಹದಿನೈದು ವರ್ಷಗಳಲ್ಲಿ ಮಕ್ಕಳು ಬೇರೆ ಹೆಸರು, ಬೇರೆ ಆಚಾರಗಳಲ್ಲಿ ಬೆಳೆದಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಅಪರಾಧಪ್ರಜ್ಞೆ. ಪ್ರಾಣ ಉಳಿಸಿಕೊಳ್ಳಲು ನಂಬಿಕೆಯನ್ನು ಬಿಟ್ಟುಕೊಟ್ಟವರಿಗೆ ದೇವರ ಮುಂದೆ ಮತ್ತೆ ನಿಲ್ಲುವ ಹಕ್ಕು ಇದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಈ ಸಮುದಾಯವನ್ನು ಮತ್ತೆ ಒಗ್ಗೂಡಿಸುವ ಕೆಲಸಕ್ಕೆ ದುಬಾಯ್ ಅವರನ್ನು ಶ್ರೀರಂಗಪಟ್ಟಣಕ್ಕೆ ಕರೆಸಲಾಯಿತು. ಫ್ರಾನ್ಸ್ ಮತ್ತು ಬ್ರಿಟನ್ ಪರಸ್ಪರ ಕಾದುತ್ತಿದ್ದ ಕಾಲದಲ್ಲಿ ಬ್ರಿಟಿಷ್ ದಂಡಿನ ನೆಲೆಯಲ್ಲಿ ಫ್ರೆಂಚ್ ಪಾದ್ರಿಯೊಬ್ಬರಿಗೆ ಅವಕಾಶ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಅವರ ಕೈಯಿಂದ ಅಲ್ಲಿ ಸುಮಾರು 1,800 ಮಂದಿ ಕ್ರೈಸ್ತ ಸಭೆಗೆ ಮರಳಿದರು. ಸಂಖ್ಯೆಯನ್ನು ಹೇಳುವುದು ಸುಲಭ. ಅದರ ಹಿಂದಿನ ಕೆಲಸ ಮಾತ್ರ ನಿಧಾನದ್ದು. ಕ್ಯಾಥೊಲಿಕ್ ಪದ್ಧತಿಯಲ್ಲಿ ದೂರವಾದವರು ಮರಳುವುದಕ್ಕೆ ಪಾಪನಿವೇದನೆಯ ದಾರಿಯಿದೆ. ಪಾದ್ರಿಯೊಬ್ಬನು ಒಬ್ಬೊಬ್ಬರ ಕಥೆಯನ್ನೂ ಗುಟ್ಟಾಗಿ ಕೇಳಬೇಕು, ದೇವರ ಹೆಸರಿನಲ್ಲಿ ಕ್ಷಮೆಯನ್ನು ಸಾರಬೇಕು. ಕೇಳಿದ್ದನ್ನು ಎಂದಿಗೂ ಹೊರಗೆ ಹೇಳುವಂತಿಲ್ಲ. ತನ್ನ ಸಂಕಟವನ್ನು ಒಬ್ಬನಾದರೂ ಪೂರ್ತಿಯಾಗಿ ಕೇಳಿಸಿಕೊಂಡನೆಂಬುದೇ ನೊಂದವರಿಗೆ ಎಂಥ ಔಷಧವೆಂಬುದನ್ನು ಇಂದಿನ ಮನೋವೈದ್ಯರು ಬಲ್ಲರು.

ಶ್ರೀರಂಗಪಟ್ಟಣದ ಪಕ್ಕದ ಗಂಜಾಮ್‌ನಲ್ಲಿರುವ ಹಳೆಯ ಚರ್ಚಿಗೆ ಇಂದಿಗೂ ಅಬ್ಬೆ ದುಬಾಯ್ ಅವರ ಹೆಸರು ಅಂಟಿಕೊಂಡಿದೆ.

ಸಾತಹಳ್ಳಿಯ ನೆಲ

ಕ್ಷಮೆ ಸಿಕ್ಕಿತು, ಆದರೆ ಹೊಟ್ಟೆ ತುಂಬಬೇಕಲ್ಲ. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಕುಟುಂಬಗಳಿಗೆ ಪ್ರಾರ್ಥನೆಯ ಜೊತೆಗೆ ನೇಗಿಲೂ ಬೇಕೆಂಬುದನ್ನು ದುಬಾಯ್ ಬೇಗನೆ ಕಂಡುಕೊಂಡರು. ಪದೇ ಪದೇ ದಂಡು ಹಾದುಹೋಗಿದ್ದ ಮೈಸೂರು ಸೀಮೆಯಲ್ಲಿ ಪಾಳುಬಿದ್ದ ಊರುಗಳಿಗೂ ಬೀಳು ಭೂಮಿಗೂ ಕೊರತೆಯಿರಲಿಲ್ಲ. ಅಂಥ ಭೂಮಿಯಲ್ಲಿ ನಿರ್ಗತಿಕ ಕುಟುಂಬಗಳನ್ನು ನೆಲೆಗೊಳಿಸಿ, ಬೇಸಾಯದ ಊರುಗಳನ್ನು ಕಟ್ಟುವ ಯೋಜನೆ ಅವರದು. ಹಾಸನದ ಬಳಿಯ ಸಾತಹಳ್ಳಿ ಈ ಪ್ರಯತ್ನದ ಮುಖ್ಯ ನೆಲೆಯಾಯಿತು.

ಇಂದಿನ ಭಾಷೆಯಲ್ಲಿ ಇದನ್ನು ಪುನರ್ವಸತಿ ಎನ್ನುತ್ತೇವೆ. ಇಂದು ಆ ಮಾತಿನ ಹಿಂದೆ ಇಲಾಖೆ, ಅನುದಾನ, ಕಡತಗಳೆಲ್ಲ ಇರುತ್ತವೆ. ಆಗ ಇದ್ದದ್ದು ಒಬ್ಬ ಪಾದ್ರಿಯ ಓಡಾಟ ಮತ್ತು ಅಧಿಕಾರಿಗಳಲ್ಲಿ ಅವರಿಗಿದ್ದ ವಿಶ್ವಾಸ. ಭೂಮಿ ಸಿಕ್ಕಿದವನಿಗೆ ಮೊದಲ ಪೈರು ಕೈಗೆ ಬರುವವರೆಗೆ ಬದುಕಲು ದಾರಿ ಬೇಕು. ಬಿತ್ತನೆ, ಎತ್ತು, ಕೆರೆಯ ನೀರು ಎಲ್ಲವೂ ಹೊಂದಬೇಕು. ಇವುಗಳ ನಡುವೆ ವಾರಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರುವ ಪ್ರಾರ್ಥನೆಯ ಮನೆಯೂ ಇತ್ತು. ನೆಲವು ನಾಳೆಯ ಭರವಸೆ ಕೊಟ್ಟರೆ ಪ್ರಾರ್ಥನೆಯು ನಿನ್ನೆಯ ಭಾರ ಇಳಿಸಿತು. ಮೈಸೂರು ಸೀಮೆಯ ಕ್ರೈಸ್ತರಲ್ಲಿ ಒಕ್ಕಲುತನವನ್ನೇ ನಂಬಿದ, ಅಪ್ಪಟ ಕನ್ನಡದ ಹಳ್ಳಿಗಳು ಇಂದಿಗೂ ಇರುವುದರ ಬೇರುಗಳನ್ನು ಹುಡುಕಹೊರಟವರು ಸಾತಹಳ್ಳಿಯನ್ನು ದಾಟಿ ಹೋಗಲಾರರು.

ಆಗಿನ್ನೂ ಬೆಳೆಯುತ್ತಿದ್ದ ಬೆಂಗಳೂರಿಗೂ ಅವರ ಓಡಾಟ ತಲುಪಿತು. ಇಂದು ಶಿವಾಜಿನಗರದಲ್ಲಿ ಸಂತ ಮೇರಿ ಬೆಸಿಲಿಕಾ ನಿಂತಿರುವ ಜಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹುಲ್ಲಿನ ಛಾವಣಿಯ ಪುಟ್ಟ ಪ್ರಾರ್ಥನಾ ಮಂದಿರವೊಂದನ್ನು ನೆಲೆಗೊಳಿಸಿದವರು ಅವರೇ. ಈಗಿನ ಗಾಥಿಕ್ ಶೈಲಿಯ ಕಟ್ಟಡ 1882ರಲ್ಲಿ ಪ್ರತಿಷ್ಠೆಯಾಯಿತು. 1898ರ ಪ್ಲೇಗಿನ ದಿನಗಳನ್ನು ಕಂಡ ಆ ನಗರದಲ್ಲಿ ಅಲ್ಲಿಯ ಮಾತೆಯನ್ನು ಜನ ಆರೋಗ್ಯಮಾತೆಯೆಂದೇ ಕರೆಯುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ.

ಸಿಡುಬಿನೊಂದಿಗೆ ಸೆಣಸು

ದುಬಾಯ್ ಅವರ ಹೆಸರನ್ನು ಮೈಸೂರಿನ ಚರಿತ್ರೆಯಲ್ಲಿ ಬೇರೊಂದು ಕಾರಣಕ್ಕೂ ನೆನೆಯಬೇಕು. ಆ ಕಾಲದಲ್ಲಿ ಸಿಡುಬು ಬಂದರೆ ಊರಿಗೆ ಊರೇ ನಡುಗುತ್ತಿತ್ತು. ರೋಗ ತಗುಲಿದವರಲ್ಲಿ ಬಹಳಷ್ಟು ಮಂದಿ ಸಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಕಲೆ ಉಳಿಯುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು. ಜನ ಅದನ್ನು ರೋಗವೆನ್ನದೆ ಅಮ್ಮ ಎಂದು ಕರೆದು, ಮಾರಮ್ಮನಿಗೆ ಹರಕೆ ಹೊತ್ತು, ಬೇವಿನ ಸೊಪ್ಪಿನ ತಂಪಿನಲ್ಲಿ ರೋಗಿಯನ್ನು ಮಲಗಿಸುತ್ತಿದ್ದರು. ಬೇರೆ ದಾರಿ ಕಾಣದಿದ್ದಾಗ ಭಯವನ್ನು ಭಕ್ತಿಯಾಗಿ ಪರಿವರ್ತಿಸಿಕೊಳ್ಳುವ ಉಪಾಯ ಅದಾಗಿತ್ತು.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ದ್ರವದಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದರು. ಆ ಲಸಿಕೆ ಬಾಗ್ದಾದ್, ಬಸ್ರಾಗಳ ದಾರಿಯಾಗಿ 1802ರಲ್ಲಿ ಮುಂಬಯಿಗೆ ಬಂತು. ಆ ವರ್ಷದ ಜೂನ್ 14ರಂದು ಮೂರು ವರ್ಷದ ಅನ್ನಾ ಡಸ್ತಾಲ್ ಎಂಬ ಬಾಲಕಿ ಭಾರತದಲ್ಲಿ ಮೊದಲ ಲಸಿಕೆ ಪಡೆದಳು. ಆಗ ಶೈತ್ಯಾಗಾರವಾಗಲಿ ಸೂಜಿಮದ್ದಾಗಲಿ ಇರಲಿಲ್ಲ. ಲಸಿಕೆ ಹಾಕಿದ ತೋಳಿನಲ್ಲಿ ಸುಮಾರು ಒಂದು ವಾರದ ನಂತರ ಎದ್ದ ಗುಳ್ಳೆಯಿಂದ ದ್ರವ ತೆಗೆದು ಮುಂದಿನ ವ್ಯಕ್ತಿಯ ತೋಳಿಗೆ ಹಾಕಬೇಕಿತ್ತು. ತೋಳಿನಿಂದ ತೋಳಿಗೆ ದೀಪದಿಂದ ದೀಪ ಹಚ್ಚಿದಂತೆ ಅದು ಸಾಗಬೇಕಿತ್ತು. ನಡುವೆ ಒಂದು ವಾರ ಯಾರೂ ಮುಂದೆ ಬರದಿದ್ದರೆ ಸರಪಳಿ ಕಡಿದು ಲಸಿಕೆಯೇ ಇಲ್ಲವಾಗುತ್ತಿತ್ತು.

ಇಂಥ ವಿಧಾನಕ್ಕೆ ಜನ ಸುಲಭವಾಗಿ ಒಪ್ಪುವಂತಿರಲಿಲ್ಲ. ಒಂದು ಜಾತಿಯವರ ಮೈಯಿಂದ ತೆಗೆದದ್ದು ಇನ್ನೊಂದು ಜಾತಿಯವರ ಮೈಗೆ ಹೋಗುವುದೆಂದರೆ ಮೈಲಿಗೆ. ಅಮ್ಮನನ್ನು ತಡೆದರೆ ಆಕೆಯ ಕೋಪಕ್ಕೆ ಗುರಿಯಾದೇವೆಂಬ ಅಂಜಿಕೆ. ಪರದೇಶಿ ಆಡಳಿತ ಮೈಮೇಲೆ ಗುರುತು ಹಾಕುತ್ತಿದೆಯೆಂಬ ಶಂಕೆ. ಇಂಥ ವಿರೋಧದ ನಡುವೆ ದುಬಾಯ್ ಅವರು ತಮ್ಮ ಸಭೆಯವರಿಂದಲೇ ಕೆಲಸ ಆರಂಭಿಸಿ ಊರೂರು ತಿರುಗಿದರು. 1803 ಮತ್ತು 1804ರ ನಡುವೆ ಅವರ ಪ್ರಯತ್ನದಿಂದ 25,432 ಮಂದಿಗೆ ಲಸಿಕೆಯಾಯಿತೆಂದು ದಾಖಲಾಗಿದೆ. ಜನಗಣತಿಯೂ ಇಲ್ಲದ, ರಸ್ತೆಯೂ ಇಲ್ಲದ ಕಾಲದಲ್ಲಿ ಅಷ್ಟು ತೋಳುಗಳನ್ನು ಮುಂದೆ ಚಾಚಿಸಿದ್ದು ಮದ್ದಿನ ಮೇಲಿನ ನಂಬಿಕೆಗಿಂತ ಮದ್ದು ತಂದವರ ಮೇಲಿನ ನಂಬಿಕೆ. ಅವರೊಡನೆ ಉಂಡು, ಅವರ ಮಾತಿನಲ್ಲೇ ಮಾತಾಡಿದ್ದರ ಫಲ ಇಲ್ಲಿ ದೊರೆಯಿತು.

ಇದೇ ಹೊತ್ತಿನಲ್ಲಿ ಮೈಸೂರು ಅರಮನೆಯೂ ಲಸಿಕೆಯ ಬೆನ್ನಿಗೆ ನಿಂತಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬಿಡಿಸಿದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆಯ ಜಾಗವನ್ನು ಸೂಚಿಸಲೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ದುಬಾಯ್ ಅವರ ಭಾವಚಿತ್ರವನ್ನು ಬಿಡಿಸಿದ ಕೈಯೇ ಈ ಚಿತ್ರವನ್ನೂ ಬಿಡಿಸಿದ್ದು ಯೋಗಾಯೋಗ. ಅರಮನೆಯ ಅಂತಃಪುರದಿಂದ ಸಾತಹಳ್ಳಿಯ ಗುಡಿಸಲಿನವರೆಗೆ ಮೈಸೂರು ಒಂದೇ ಭಯದಿಂದ ಬಿಡುಗಡೆಗೆ ಹಂಬಲಿಸುತ್ತಿತ್ತು. ಹಳೆಯ ಮೈಸೂರಿನ ಹಿರಿಯರು ದಾಕು ಹಾಕುವುದು ಎಂದು ಕರೆಯುತ್ತಿದ್ದ ಆ ಕೆಲಸ ಮುಗಿಯಲು ಮುಂದೆ ಒಂದೂಮುಕ್ಕಾಲು ಶತಮಾನವೇ ಹಿಡಿಯಿತು. 1975ರಲ್ಲಿ ಭಾರತ ತನ್ನ ಕೊನೆಯ ಸಿಡುಬು ರೋಗಿಯನ್ನು ಕಂಡಿತು. 1980ರಲ್ಲಿ ಜಗತ್ತೇ ಸಿಡುಬುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಗ್ರಂಥ ಮತ್ತು ಅದರ ನೆರಳು

ಸೇವೆಯ ಈ ವರ್ಷಗಳಲ್ಲೇ ದುಬಾಯ್ ಅವರು ಭಾರತೀಯರ ಆಚಾರ, ಸಂಸ್ಥೆ ಮತ್ತು ವಿಧಿಗಳ ಬಗ್ಗೆ ಬೃಹತ್ ಹಸ್ತಪ್ರತಿಯೊಂದನ್ನು ಸಿದ್ಧಪಡಿಸಿದರು. ಮೈಸೂರಿನಲ್ಲಿದ್ದ ಅಧಿಕಾರಿ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅದನ್ನು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಹೊರಬಂತು. 1897ರಲ್ಲಿ ಹೆನ್ರಿ ಬೋಷಾಂ ಅವರ ಪರಿಷ್ಕೃತ ಅನುವಾದ ಪ್ರಕಟವಾದ ಮೇಲೆ ಅದು ಮತ್ತಷ್ಟು ಓದುಗರನ್ನು ಪಡೆಯಿತು. ಬಸ್ತಿಹಳ್ಳಿಯಂಥ ಊರುಗಳ ಪೂಜಕರಾದ ಜೈನರ ಬಗೆಗೂ ಅದರಲ್ಲಿ ಒಂದು ಅನುಬಂಧವಿದೆ. ಪಂಚತಂತ್ರದ ಕಥೆಗಳನ್ನೂ ಅವರು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು.

ಆದರೆ ಆ ಗ್ರಂಥದ ಖ್ಯಾತಿ ಕಳಂಕರಹಿತವಲ್ಲ. ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆಯು ದುಬಾಯ್ ಅವರ ಕೃತಿಯ ಬಹುಭಾಗ ಅವರಿಗಿಂತ ಹಿಂದಿನ ಜೆಸ್ಯೂಟ್ ಪಾದ್ರಿ ಕೇರ್ದೂ ಅವರ ಬರಹವನ್ನು ಆಧರಿಸಿದೆಯೆಂದು ತೋರಿಸಿತು. ಆ ಹಿರಿಯನ ಋಣವನ್ನು ದುಬಾಯ್ ಒಪ್ಪಿಕೊಂಡಿರಲಿಲ್ಲ. ಇದಲ್ಲದೆ ಹಿಂದೂಗಳ ನಡೆನುಡಿಗಳನ್ನು ಕುರಿತ ಅವರ ಹಲವು ಮಾತುಗಳು ಕಟುವಾಗಿವೆ, ಕೆಲವು ಅನ್ಯಾಯವಾಗಿವೆ. ಮೂರು ದಶಕ ಜೊತೆಗಿದ್ದ ಜನರನ್ನು ಅವರು ಲೇಖನಿ ಹಿಡಿದಾಗ ಪರಕೀಯನ ಕಣ್ಣಿನಿಂದ ನೋಡಿದರು. ಲಸಿಕೆಯ ಸೂಜಿ ಹಿಡಿದಾಗ ಮಾತ್ರ ಅವರಲ್ಲಿ ಒಬ್ಬರಾಗಿದ್ದರು. ಬದುಕನ್ನು ನಿಷ್ಪಕ್ಷಪಾತವಾಗಿ ಹೇಳಹೊರಟವರು ಈ ಎರಡನ್ನೂ ಮರೆಮಾಚಬಾರದು.

ನಿರಾಶೆಯ ಪತ್ರಗಳು

ಅವರ ಬದುಕಿನ ಅತ್ಯಂತ ಕಷ್ಟದ ಅಧ್ಯಾಯ ಹೊರಗಿನವರಿಗೆ ಕಾಣುವಂಥದ್ದಾಗಿರಲಿಲ್ಲ. ವರ್ಷಗಳು ಕಳೆದಂತೆ ದುಬಾಯ್ ಅವರಿಗೆ ಒಂದು ಸತ್ಯ ಸ್ಪಷ್ಟವಾಗತೊಡಗಿತು. ಯಾವ ಉದ್ದೇಶಕ್ಕಾಗಿ ಅವರು ಸಮುದ್ರ ದಾಟಿ ಬಂದಿದ್ದರೋ ಆ ಉದ್ದೇಶ ಈಡೇರುತ್ತಿರಲಿಲ್ಲ. ಕಾಲು ಶತಮಾನದ ದುಡಿಮೆಯಲ್ಲಿ ಹೊಸದಾಗಿ ಕ್ರೈಸ್ತರಾದವರ ಸಂಖ್ಯೆ ಇನ್ನೂರು, ಮುನ್ನೂರನ್ನು ಮೀರಿರಲಿಲ್ಲ. ಅವರಲ್ಲಿಯೂ ಹೆಚ್ಚಿನವರನ್ನು ತಂದದ್ದು ನಂಬಿಕೆಯಲ್ಲ, ಹಸಿವು ಎಂದು ಅವರೇ ಒಪ್ಪಿಕೊಂಡರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಸಂಗ್ರಹದಲ್ಲಿ ಅಂದಿನ ಸ್ಥಿತಿಯಲ್ಲಿ ಹಿಂದೂಗಳ ಮತಾಂತರ ಸಾಧ್ಯವಿಲ್ಲವೆಂದು ಬರೆದರು. ಬೈಬಲ್ ಪ್ರತಿಗಳನ್ನು ಅನುವಾದಿಸಿ ಹಂಚುವುದರಿಂದಲೂ ಪ್ರಯೋಜನವಿಲ್ಲವೆಂದರು.

ಈ ಮಾತುಗಳು ಬ್ರಿಟನ್ನಿನ ಪ್ರಾಟೆಸ್ಟೆಂಟ್ ಮಿಷನ್‌ಗಳಲ್ಲಿ ಕೋಲಾಹಲವೆಬ್ಬಿಸಿದವು. ಜೇಮ್ಸ್ ಹೌ ಮತ್ತು ಹೆನ್ರಿ ಟೌನ್ಲಿ ಅವರು ಪುಸ್ತಕಗಳ ಮೂಲಕವೇ ಉತ್ತರ ಕೊಟ್ಟರು. ಸೋತ ಮನುಷ್ಯನೊಬ್ಬ ತನ್ನ ಸೋಲನ್ನು ಎಲ್ಲರ ಸೋಲೆಂದು ಭಾವಿಸುತ್ತಿದ್ದಾನೆಂಬುದು ಟೀಕಾಕಾರರ ನಿಲುವಾಗಿತ್ತು. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಮೂವತ್ತು ವರ್ಷ ದುಡಿದವನೊಬ್ಬ ತನ್ನ ಬದುಕಿನ ಲೆಕ್ಕವನ್ನು ಸುಳ್ಳು ಅಂಕಿಗಳಿಂದ ತುಂಬಿಸದೆ ಇದ್ದದ್ದನ್ನು ಇದ್ದಂತೆ ಹೇಳಿದನೆಂಬುದೂ ಅಷ್ಟೇ ಸತ್ಯ.

ಓದುಗರು ಗಮನಿಸಬೇಕಾದ ಮಾತು ಇಲ್ಲಿದೆ. ದುಬಾಯ್ ಕಳೆದುಕೊಂಡದ್ದು ಜನರನ್ನು ಮತಕ್ಕೆ ತರುವ ಭರವಸೆಯನ್ನು. ಮತದ ಒಳಗೇ ಇದ್ದು ನೊಂದವರಿಗೆ ಸಮಾಧಾನ ಹೇಳುವುದನ್ನು, ರೋಗಕ್ಕೆ ತಡೆ ಒಡ್ಡುವುದನ್ನು, ನೆಲವಿಲ್ಲದವನಿಗೆ ನೆಲ ಕೊಡಿಸುವುದನ್ನು ಅವರು ಕೈಬಿಡಲಿಲ್ಲ. ಅವರ ಲೆಕ್ಕದ ಒಂದು ಪುಟದಲ್ಲಿ ಇನ್ನೂರು, ಮುನ್ನೂರು ಮಂದಿ ಹೊಸ ಕ್ರೈಸ್ತರು. ಇನ್ನೊಂದು ಪುಟದಲ್ಲಿ ಮರಳಿ ಬಂದ 1,800 ಮಂದಿ, ಲಸಿಕೆ ಪಡೆದ 25,432 ಮಂದಿ. ಮೊದಲ ಪುಟವನ್ನು ನೋಡಿ ಅವರು ನಿರಾಶರಾದರು. ಮೈಸೂರಿನ ಜನ ಎರಡನೆಯ ಪುಟವನ್ನು ನೋಡಿ ಅವರಿಗೆ ಹೆಸರಿಟ್ಟರು.

ಮರಳಿ ತಾಯ್ನಾಡಿಗೆ

1823ರ ಜನವರಿ 15ರಂದು ದುಬಾಯ್ ಭಾರತವನ್ನು ಬಿಟ್ಟರು. ಕಂಪೆನಿ ಅವರಿಗೆ ಪಿಂಚಣಿ ಗೊತ್ತುಮಾಡಿತ್ತು. ಪ್ಯಾರಿಸ್ಸಿನ ರೂ ದ್ಯು ಬಾಕ್ ಬೀದಿಯಲ್ಲಿರುವ ವಿದೇಶ ಮಿಷನ್ ಸಂಘದ ಮನೆಯಲ್ಲಿ ಅವರು ಉಳಿದ ಆಯುಷ್ಯವನ್ನು ಕಳೆದರು. ದೂರದ ದೇಶಗಳಿಗೆ ಹೊರಡುವ ತರುಣ ಪಾದ್ರಿಗಳು ಸಿದ್ಧರಾಗುತ್ತಿದ್ದದ್ದು ಅಲ್ಲಿಯೇ. 1836ರಿಂದ 1839ರವರೆಗೆ ಅವರು ಅದರ ಮುಖ್ಯಸ್ಥರೂ ಆಗಿದ್ದರು. ಭಾರತದಲ್ಲಿ ಮತಾಂತರ ಸಾಧ್ಯವಿಲ್ಲವೆಂದು ಬರೆದವರೇ ಭಾರತಕ್ಕೆ ಹೋಗುವ ಪಾದ್ರಿಗಳನ್ನು ಬೀಳ್ಕೊಡುವ ಮನೆಯ ಹಿರಿಯರಾದರು. ಕೆಲಸದ ಫಲದ ಬಗ್ಗೆ ಸಂಶಯವಿದ್ದರೂ ಕೆಲಸದ ಅಗತ್ಯದ ಬಗ್ಗೆ ಅವರಿಗೆ ಸಂಶಯವಿರಲಿಲ್ಲವೆಂದೇ ತಿಳಿಯಬೇಕು.

1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಅಲ್ಲಿಯೇ ಕಣ್ಮುಚ್ಚಿದರು. ಐದು ದಿನಗಳ ನಂತರ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಹೊತ್ತಿಕೊಂಡಿತು. ಒಂದು ಕ್ರಾಂತಿಯ ನಡುವೆ ದೇಶ ಬಿಟ್ಟವರು ಮತ್ತೊಂದರ ಹೊಸ್ತಿಲಲ್ಲಿ ಲೋಕ ಬಿಟ್ಟರು.

ಉಳಿದದ್ದು

ಹಾಸನದ ಕಡೆಗೆ ಹೋಗುವ ನಗರದ ಪ್ರವಾಸಿಗರಿಗೆ ಇಂದು ದುಬಾಯ್ ಹೆಸರು ಕೇಳಿಬರುವುದು ಶೆಟ್ಟಿಹಳ್ಳಿಯಲ್ಲಿ. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ರೋಸರಿ ಚರ್ಚಿನ ಭಗ್ನ ಗೋಡೆಗಳ ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳುವವರಿಗೆ, ಇದನ್ನು ಕಟ್ಟಿಸಿದವರು ಅಬ್ಬೆ ದುಬಾಯ್ ಎಂದು ಹೇಳುವವರು ಸಿಗುತ್ತಾರೆ. ಆ ಭಾಗದ ಕ್ರೈಸ್ತ ಸಮುದಾಯವನ್ನು ನೆಲೆಗೊಳಿಸಿದವರು ಅವರು ಎಂಬುದು ನಿಜ. ಆದರೆ ಈಗ ಕಾಣುವ ಗಾಥಿಕ್ ಶೈಲಿಯ ಕಟ್ಟಡ 1860ರ ದಶಕದ್ದೆಂದು ಹೇಳಲಾಗುತ್ತದೆ. ಅಷ್ಟರಲ್ಲಿ ದುಬಾಯ್ ತೀರಿಕೊಂಡು ವರ್ಷಗಳೇ ಆಗಿದ್ದವು. ಅದನ್ನು ಕಟ್ಟಿದವರು ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ಊರಿನವರು ಎತ್ತರದ ಜಾಗಗಳಿಗೆ ತೆರಳಿದ್ದರು. ಹೊಸ ನೆಲೆಯಲ್ಲಿ ಹೊಸ ಮನೆ ಕಟ್ಟಿಕೊಂಡರು. ನೆಲೆ ಕಳೆದುಕೊಂಡು ಮತ್ತೆ ಬೇರೂರುವುದು ಅವರ ಪೂರ್ವಜರಿಗೂ ಗೊತ್ತಿದ್ದ ವಿದ್ಯೆ.

ದುಬಾಯ್ ಅವರು ಬಿಟ್ಟುಹೋದದ್ದು ಕಲ್ಲಿನ ಕಟ್ಟಡವಲ್ಲ.   ಉಳಿದದ್ದು ಸೆರೆಯಿಂದ ಹೊರಬಂದವರು ತಲೆಯೆತ್ತಿ ಉತ್ತ ಹೊಲಗಳು, ಸಿಡುಬಿನ ಕಲೆಯಿಲ್ಲದೆ ಬೆಳೆದ ಮಕ್ಕಳು, ಆ ಮಕ್ಕಳ ಮಕ್ಕಳು. ನೊಂದವರಿಗೆ ನಂಬಿಕೆ ಹೇಗೆ ಆಸರೆಯಾಗುತ್ತದೆ ಎಂಬ ಪ್ರಶ್ನೆಗೆ ಅವರ ಬದುಕು ಕೊಡುವ ಉತ್ತರ ಸರಳವಾದುದು. ನಂಬಿಕೆಯು ಒಬ್ಬ ಮನುಷ್ಯನನ್ನು ಇನ್ನೊಬ್ಬನ ನೋವಿನ ಬಳಿಗೆ ಕರೆದೊಯ್ದು, ಅಲ್ಲಿಂದ ಎದ್ದು ಹೋಗದಂತೆ ಕೂರಿಸಿದಾಗ ಅದು ಔಷಧವಾಗುತ್ತದೆ. ದುಬಾಯ್ ಅವರಲ್ಲಿ ದೋಷಗಳಿದ್ದವು, ಸಂಶಯಗಳಿದ್ದವು, ಕೊನೆಯಲ್ಲಿ ನಿರಾಶೆಯೂ ಇತ್ತು. ಆದರೂ ಮೂವತ್ತು ವರ್ಷ ಅವರು ಎದ್ದು ಹೋಗಲಿಲ್ಲ.

ಹಳೇಬೀಡಿಗೆ ಮುಂದಿನ ಬಾರಿ ಹೋದಾಗ ಬಸ್ತಿಹಳ್ಳಿಗೂ ಒಮ್ಮೆ ನಡೆದುಹೋಗಿ, ತಂದೆಯನ್ನು ಕಳೆದುಕೊಂಡ ಮಗ ಕಟ್ಟಿಸಿದ ಬಸದಿಯ ಕಂಬದಲ್ಲಿ ಮುಖ ನೋಡಿಕೊಳ್ಳಬಹುದು. ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಕಂಬವನ್ನೂ ಶಾಸನವನ್ನೂ ಬಿಟ್ಟುಹೋಗದ ದೊಡ್ಡಸ್ವಾಮಿಯವರು ಬೇಸಾಯಕ್ಕೆ ತಂದ ನೆಲದಲ್ಲಿ ಈಗಲೂ ಪೈರು ಬೆಳೆಯುತ್ತಿದೆ.